ಕಿಟಕಿ ಏರಿಸಿದ ಕಾರು

“ಇದೇನ್ ಪ್ರಸಾದಣ್ಣ, ನಿಮ್ ಎಸಿ ಒಲೆ ಊದೋ ಕೊಳವೆ ಥರ ಬಿಸಿ ಉಸಿರು ಬಿಡ್ತಿದೆ!”

ಎದುರುಮನೆ ಜಲಜಮ್ಮ ಕಾರಿನ ಕಿಟಕಿಯೊಳಗೆ ತೂರಿಸಿದ್ದ ಕೈಯನ್ನು ಸುಟ್ಟುಕೊಂಡವರಂತೆ ಹಿಂದಕ್ಕೆಳೆದುಕೊಂಡರು.

“ಗಾಳಿ ಜೋರಾಗೇ ಬರ್ತಿದೆ ಜಲಜಮ್ಮ, ತಂಪಿಲ್ಲ ಅಷ್ಟೆ.”

“ಸೌಂದರ್ಯ ಹೇಳಿದ್ದು ನಿಜಾನೇ ಹಾಗಾದ್ರೆ. ನಾಳೆ ನಮ್ ಮಗ ವಿಜಯಕುಮಾರನ ಮದುವೆಗೆ ಬೇರೆ ಗಾಡಿ ಹೇಳಿದ್ದೇ ಒಳ್ಳೇದಾಯ್ತು. ಈ ಸೆಕೆಗೆ ಮದುಮಗ ಹೊಳೆಹೊನ್ನೂರು ಮುಟ್ಟೋದ್ರೊಳಗೆ ಬೆಂದ ಕಡುಬಾಗ್ತಿದ್ದ.”

ರೇಣುಕಾಪ್ರಸಾದನಿಗೆ ಮದುಮಗನ ಚಿಂತೆ ಇರಲಿಲ್ಲ. ಅವನ ಚಿಂತೆಯ ಹೆಸರು ಮಾವ ಶಿವಮೂರ್ತಪ್ಪ. ಕಾಲೇಜಿನಲ್ಲಿ ಗ್ರಂಥಪಾಲಕನಾದ ಅಳಿಯ ಕಳೆದ ವರ್ಷ ಈ ಹಳೆಯ ಕಾರು ಕೊಂಡಾಗ ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಬಣ್ಣ ಚೆನ್ನಾಗಿದೆ” ಎಂದಷ್ಟೇ ಹೇಳಿದ್ದರು. ಆ ಮಾತು ಪ್ರಸಾದನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನಾಳೆ ಬೆಳಗ್ಗೆ ಭದ್ರಾವತಿಯಲ್ಲಿ ನಾದಿನಿ ರಶ್ಮಿಯ ನಿಶ್ಚಿತಾರ್ಥ. “ಫ್ರಿಜ್ಜಿನಲ್ಲಿ ಕೂತಂಗೆ ಬಂದು ಇಳೀತೀವಿ, ನೋಡ್ತಿರಿ ಮಾವ” ಎಂದು ಫೋನಿನಲ್ಲಿ ಹೇಳಿ ಇನ್ನೂ ವಾರವಾಗಿರಲಿಲ್ಲ.

“ಕಿಟಕಿ ತೆಗೆದ್ರೆ ಗಾಳಿ ಬರಲ್ವೇನ್ರೀ? ಎಸಿ ಹಾಗೇ ಇರ್ಲಿ ಬಿಡಿ” ಎಂದಳು ಹೆಂಡತಿ ಸೌಂದರ್ಯ, ಸೀರೆ ಇಸ್ತ್ರಿ ಮಾಡುತ್ತ.

“ನಿಮ್ಮಪ್ಪನ ಮುಂದೆ ಕಿಟಕಿ ತೆಗೆದ್ಕೊಂಡು ಇಳೀಲಾ? ಪ್ರಾಣ ಹೋದ್ರೂ ಇಲ್ಲ!”

ವಿನೋಬನಗರದ ಗ್ಯಾರೇಜಿನವನು ಬಾನೆಟ್ ಎತ್ತಿ, ಕೆಮ್ಮಿ, ಮತ್ತೆ ಮುಚ್ಚಿದ. ಎಸಿ ತನಗೆ ಬರುವುದಿಲ್ಲ, ಭದ್ರಾವತಿಯಲ್ಲಿ ಶೇಷಪ್ಪ ಎಂಬವನಿದ್ದಾನೆ, ಅವನ ಹತ್ತಿರ ಹೋಗಿ ಎಂದ. ಪ್ರಸಾದ ಕಾಲೇಜಿಗೆ ರಜಾ ಹಾಕಿ ಹೊರಟ. ನಾಲ್ಕೂ ಕಿಟಕಿ ಏರಿಸಿಕೊಂಡೇ ಹೊರಟ. ಇಳಿಸಿದರೆ ಎಸಿ ಕೆಟ್ಟಿರುವುದು ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಏಪ್ರಿಲ್ ಬಿಸಿಲು. ಊರು ದಾಟುವುದರೊಳಗೆ ಅಂಗಿ ಬೆನ್ನಿಗೆ ಅಂಟಿತು. ಅರ್ಧ ದಾರಿಯಲ್ಲಿ ಕನ್ನಡಕ ಮೂಗಿನ ಮೇಲೆ ಜಾರುಬಂಡೆ ಆಡತೊಡಗಿತು. ರೈಲ್ವೆ ಗೇಟಿನಲ್ಲಿ ಪಕ್ಕಕ್ಕೆ ನಿಂತ ಸ್ಕೂಟರಿನವನೊಬ್ಬ ಅಸೂಯೆಯಿಂದ ಒಳಗೆ ಇಣುಕಿದ. ಪ್ರಸಾದ ಚಳಿಯಾದವನಂತೆ ಅಂಗೈ ಉಜ್ಜಿಕೊಂಡು ತೋರಿಸಿದ.

ಭದ್ರಾವತಿಯ ಮಾರ್ಕೆಟ್ ಬಳಿ ಯಾರೋ ಛತ್ರಿ ಅಡ್ಡ ಹಿಡಿದು ಕಾರು ನಿಲ್ಲಿಸಿದರು. ನೋಡಿದರೆ ಸಾಕ್ಷಾತ್ ಮಾವ! ಕೈಯಲ್ಲಿ ವೀಳ್ಯದೆಲೆಯ ಕಟ್ಟು.

“ನಾಳೆ ಬರೋರು ಇವತ್ತೇ ಬಂದ್ರಾ?” ಎನ್ನುತ್ತ ಬಾಗಿಲು ತೆಗೆದು ಕೂತೇಬಿಟ್ಟರು.

“ಸುಮ್ನೆ... ಕಾರು ಸರ್ವೀಸಿಗೆ ಮಾವ.”

ಎರಡು ತಿರುವು ಕಳೆಯುವಷ್ಟರಲ್ಲಿ ಮಾವನ ಹಣೆಯ ಮೂರು ವಿಭೂತಿ ಪಟ್ಟೆ ಕರಗಿ ಒಂದಾಗಿ ಮೂಗಿನತ್ತ ಹೊರಟಿತ್ತು.

“ಅಳಿಯಂದ್ರೆ, ಇದು ಫ್ರಿಜ್ಜೋ ಅಡಿಕೆ ಬೇಯ್ಸೋ ಹಂಡೆಯೋ?”

ಪ್ರಸಾದ ಸೋತು ಎಲ್ಲವನ್ನೂ ಹೇಳಿದ. ಆಶ್ಚರ್ಯವೆಂದರೆ ಮಾವ ನಗಲಿಲ್ಲ.

“ಬಿಟ್ಹಾಕಿ ಮಾರಾಯ್ರೆ. ನಾಳೆ ಆರಾಮಾಗಿ ಕಿಟಕಿ ತೆಗೆದ್ಕೊಂಡು ಬನ್ನಿ. ರಿಪೇರಿ ಎಲ್ಲ ಮದುವೆ ಸೀಜನ್ ಮುಗೀಲಿ.”

ಇದು ಅಣಕವೇ ಸರಿ ಎಂದುಕೊಂಡ ಪ್ರಸಾದ ಹಲ್ಲು ಕಚ್ಚಿ ಕಾರನ್ನು ಸೀದಾ ಶೇಷಪ್ಪನ ಶೆಡ್ಡಿಗೆ ನುಗ್ಗಿಸಿದ.

ಶೇಷಪ್ಪ ಬಾಯಿ ಮುಚ್ಚದೆ ಕೆಲಸ ಮಾಡುವ ಆಸಾಮಿ. ಗ್ಯಾಸ್ ಹೋಗಿದೆ ಎಂದ, ಹೋಗಿರಲಿಲ್ಲ. ಬೆಲ್ಟ್ ತುಂಡಾಗಿದೆ ಎಂದ, ಆಗಿರಲಿಲ್ಲ. ಮುಂದಿನ ಜಾಲರಿಗೆ ಪೈಪ್ ಹಿಡಿದು ನೀರು ಬಿಟ್ಟ. ಅರ್ಧ ನೀರು ಪ್ರಸಾದನ ಪ್ಯಾಂಟಿನ ಮೇಲೆ ಬಿತ್ತು. ಕೊನೆಗೆ ಡ್ಯಾಶ್‌ಬೋರ್ಡ್ ಬಿಚ್ಚಿದ. ಒಳಗಿಂದ ಹಿಡಿ ಅಕ್ಷತೆ, ಒಣಗಿದ ಸೇವಂತಿಗೆ, ಯಾರದೋ ಬಾಸಿಂಗದ ಮಣಿ ಉದುರಿದವು.

“ಏನ್ ಸಾರ್, ಕಾರೋ ಕಲ್ಯಾಣಮಂಟಪಾನೋ?”

“ನಮ್ ಬೀದೀಲಿ ಎಸಿ ಇರೋದು ಇದೊಂದಕ್ಕೇ ಕಣಪ್ಪ. ಯಾರ ಮನೆ ಮದುವೆಗೂ ಇದೇ ಮದುಮಗನ ಕಾರು. ಶುಭಕಾರ್ಯಕ್ಕೆ ಕೇಳಿದ್ರೆ ಇಲ್ಲ ಅನ್ನಕ್ಕಾಗುತ್ತಾ?”

“ಆಹಾ, ಇಲ್ನೋಡಿ! ಬಾಯಲ್ಲಿ ಒಂದು ಹಲ್ಲೇ ಇಲ್ಲ” ಎಂದು ಶೇಷಪ್ಪ ಸ್ಟೇರಿಂಗ್ ಕೆಳಗಿನ ಡಬ್ಬಿಗೆ ಬ್ಯಾಟರಿ ಬೆಳಕು ಬಿಟ್ಟ. “ಎಸಿ ಫ್ಯೂಸೇ ಕಾಣೆ! ತಾನಾಗೇ ಬೀಳೋ ಸಾಮಾನಲ್ಲ ಸಾರ್ ಇದು.”

ಮಾವ ಯಾಕೋ ತಂತಿಯ ಮೇಲಿನ ಕಾಗೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಹೊಸ ಫ್ಯೂಸ್ ಹಾಕಿದ ಕೂಡಲೇ ಕಾರು ಹಿಮಾಲಯವಾಯಿತು. ಸಂಜೆ ಪ್ರಸಾದ ಗೆದ್ದ ಪೈಲ್ವಾನನಂತೆ ಬೀದಿಗೆ ಬಂದು, ಹಾರ್ನ್ ಹೊಡೆದು, ನಾಲ್ಕೂ ಬಾಗಿಲು ತೆರೆದಿಟ್ಟ.

“ಜಲಜಮ್ಮ, ಈಗ ಕೈಯಿಡಿ!”

ಜಲಜಮ್ಮ ಕೈಯಿಟ್ಟರು. ಮುಖವಿಟ್ಟರು. ಮರುಕ್ಷಣ ಮನೆಯೊಳಗೆ ಓಡಿ ಅರಿಶಿನ ಕುಂಕುಮದ ಬಟ್ಟಲು, ತೆಂಗಿನಕಾಯಿ ತಂದರು.

“ದೇವ್ರೇ ರಿಪೇರಿ ಮಾಡ್ಸಿದಾನೆ ಪ್ರಸಾದಣ್ಣ! ಆ ಗಾಡಿಯವನಿಗೆ ಬೇಡ ಅಂತ ಹೇಳ್ತೀನಿ.”

“ಅಲ್ಲ ಜಲಜಮ್ಮ, ನಾಳೆ ನಮಗೂ...”

“ಭದ್ರಾವತಿ ತಾನೇ? ಹೆಜ್ಜೆಗೊಂದು ಬಸ್ಸಿದೆ!”

ಅಷ್ಟರಲ್ಲಿ ಬಾನೆಟ್ಟಿನ ಮೇಲೆ ಕುಂಕುಮ ಏರಿಯಾಗಿತ್ತು. ಮದುಮಗನಿಗೆಂದು ಕುಂಕುಮ ಹಚ್ಚಿದ ಕಾರನ್ನು ಬೇಡ ಎನ್ನುವ ಎದೆ ಯಾರಿಗಿದೆ? “ಅದಕ್ಕೇನಂತೆ” ಎಂದಿತು ಪ್ರಸಾದನ ಬಾಯಿ, ಅವನನ್ನು ಕೇಳದೆ.

ಒಳಗೆ ಬಂದರೆ ಸೌಂದರ್ಯ ಕುಂಕುಮದ ಭರಣಿಯಿಂದ ಪುಟ್ಟ ಕೆಂಪು ವಸ್ತುವೊಂದನ್ನು ತೆಗೆದು ಅವನ ಮುಂದೆ ಹಿಡಿದಳು. ಫ್ಯೂಸು!

“ನೀನಾ?”

“ಮತ್ತಿನ್ಯಾರು? ಈ ಒಂದು ದಿನಕ್ಕಾದ್ರೂ ನಮ್ ಕಾರು ನಮಗಿರ್ಲಿ ಅಂತ. ಕೀಳೋದು ಹೇಗೆ ಅಂತ ಫೋನಲ್ಲಿ ಹೇಳ್ಕೊಟ್ಟಿದ್ದು ನಮ್ಮಪ್ಪ.”

“ನನಗೊಂದು ಮಾತು ಹೇಳ್ಬಾರ್ದಿತ್ತೇನೇ ಮಾರಾಯ್ತಿ?”

“ನಿಮಗೆ ಹೇಳಿದ್ರೆ ಜಲಜಮ್ಮನಿಗೆ ಹೇಳ್ದಂಗೆ. ನಿಮಗೆ ಇಲ್ಲ ಅನ್ನಕ್ಕೂ ಬರಲ್ಲ, ಸುಳ್ಳು ಹೇಳಕ್ಕೂ ಬರಲ್ಲ.”

ಮರುದಿನ ಬೆಳಗ್ಗೆ ಗಂಡ ಹೆಂಡತಿ ಬಸ್‌ಸ್ಟಾಪಿನಲ್ಲಿ ನಿಂತಿದ್ದರು. ಇಸ್ತ್ರಿಯ ರೇಷ್ಮೆ ಸೀರೆ ಆಗಲೇ ಬೆವರಿಗೆ ಮುದುಡಿತ್ತು. ಹೂವಿನಲ್ಲಿ ಮುಳುಗಿದ ಕಾರೊಂದು ಬಂದು ಅವರೆದುರೇ ನಿಂತಿತು. ಕಿಟಕಿ ನಾಲ್ಕು ಬೆರಳಿನಷ್ಟು ಇಳಿಯಿತು. ಒಳಗೆ ಮದುಮಗ ಶಾಲು ಹೊದ್ದು ಮುದುರಿ ಕೂತಿದ್ದ.

“ಪ್ರಸಾದಣ್ಣ, ಹುಡುಗನಿಗೆ ಹಲ್ಲು ಕಟಕಟ ಅಂತಿದೆ. ಇದನ್ನ ಕಮ್ಮಿ ಮಾಡೋದು ಹೇಗೆ?” ಎಂದರು ಜಲಜಮ್ಮ.

ಪ್ರಸಾದ ಸೌಂದರ್ಯಳ ಮುಖ ನೋಡಿದ. ನಂತರ ಬಗ್ಗಿ, “ಆ ನೀಲಿ ಗುಂಡಿ ಎಡಕ್ಕೆ ತಿರುಗಿಸಿ, ಕಮ್ಮಿಯಾಗುತ್ತೆ” ಎಂದು ಇದ್ದದ್ದನ್ನೇ ಹೇಳಿದ.

ಕಿಟಕಿ ಏರಿತು. ಕಾರು ಹೊರಡುವಾಗ ಅದರ ಹೊಟ್ಟೆಯಿಂದ ಎರಡು ಹನಿ ತಣ್ಣನೆಯ ನೀರು ಪ್ರಸಾದನ ಪಾಲಿಶ್ ಮಾಡಿದ ಬೂಟಿನ ಮೇಲೆ ಬಿತ್ತು.