ಮುನ್ಸೀಫರನ್ನು ಇಳಿಸಲು ಹೊರಟಿದ್ದು

1969ರ ನನ್ನ ಡೈರಿ, ಜೂನ್ ಹನ್ನೊಂದು: "ಮುನ್ಸೀಫರನ್ನು ಕೆಲಸದಿಂದ ತೆಗೆಸಲು ಮೈದುನ ಹೊರಟಿದ್ದಾನೆ. ಅರ್ಜಿ ನಾನೇ ಬರೆಯಬೇಕಂತೆ. ಮಧ್ಯಾಹ್ನ ಹುರುಳಿ ಸಾರು." ಮನೆಯಲ್ಲಿ ಬಿ.ಎ. ಮಾಡಿದ ಸೊಸೆ ಇದ್ದರೆ ಇಂಥವು ಆಗುತ್ತಲೇ ಇರುತ್ತವೆ.

೧. ಎಳನೀರು

ದೊಡ್ಡಬಳ್ಳಾಪುರದಲ್ಲಿ ನಮಗೂ ಪಕ್ಕದ ಮನೆಯವರಿಗೂ ಒಂದೇ ಬಾವಿ. ಬಾವಿಯ ದಾರಿಗೆ ಅವರು ಗೋಡೆ ಎಬ್ಬಿಸಿದರು. ನಾವು ಮುನ್ಸೀಫ್ ಕೋರ್ಟಿಗೆ ಹೋದೆವು. ಮುನ್ಸೀಫರು ಜಾಗ ನೋಡಲು ಬಂದ ದಿನ ಪಕ್ಕದ ಮನೆ ಹಿತ್ತಲಲ್ಲಿ ನಿಂತು ಎಳನೀರು ಕುಡಿದದ್ದನ್ನು ಮೈದುನ ಕಿಟಕಿಯಿಂದ ನೋಡಿಬಿಟ್ಟ.

"ಕೆಟ್ವಿ ಅತ್ತಿಗೆ. ಎಳನೀರು ಅವರದು, ಇನ್ನು ತೀರ್ಪೂ ಅವರದೇ."

ಪಂಚಾಯಿತಿ ಚೇರ್ಮನ್ ಒಬ್ಬನನ್ನು ಇಳಿಸಿದ ಅನುಭವ ಅವನಿಗಿತ್ತು. ಮೆಂಬರುಗಳನ್ನೆಲ್ಲ ಬಸ್ಸು ಹತ್ತಿಸಿ, ಘಾಟಿ ದೇವಸ್ಥಾನಕ್ಕೆ ಕರೆದೊಯ್ದು, ದೇವರ ಮುಂದೆ ಆಣೆ ಮಾಡಿಸಿ, ಕೈ ಎತ್ತಿಸಿದ್ದ.

"ಜಡ್ಜಿಗೂ ಹಾಗೇ ಅಂತೆ. ಶಾಸನ ಮಾಡೋರು ಕೈ ಎತ್ತಿದ್ರೆ ಇಳೀಬೇಕು. ಪೇಪರಲ್ಲಿ ಬಂದಿದೆ."

ನಾನು ರಾಜ್ಯಶಾಸ್ತ್ರ ಓದಿದವಳು, ಸುಮ್ಮನಿರಲಿಲ್ಲ. "ಎರಡೂ ಸದನ ಒಪ್ಬೇಕು, ಮೂರರಲ್ಲಿ ಎರಡು ಪಾಲು ಮತ ಬೀಳ್ಬೇಕು, ಆಮೇಲೆ ರಾಷ್ಟ್ರಪತಿ."

ಅತ್ತೆ ಹುರುಳಿ ಆರಿಸುತ್ತಾ ಕೇಳಿದರು: "ಅಷ್ಟು ಜನಾನೂ ಘಾಟಿಗೆ ಕರ್ಕೊಂಡೋಗೋಕೆ ಎಷ್ಟು ಬಸ್ಸು ಬೇಕು?"

೨. ಶಾಸಕರ ಮನೆ

ಶಾಸಕರು ನನ್ನ ಅರ್ಜಿಯನ್ನು ಎರಡು ಸಲ ಓದಿದರು. "ಇದು ದೆಹಲಿಯೋರ ಕೆಲಸ ಕಣಮ್ಮ. ನಾನು ಬೆಂಗಳೂರು ಸಭೆಯೋನು."

ಅವರ ಪಕ್ಕದಲ್ಲಿ ಕೂತಿದ್ದ ವಕೀಲರೊಬ್ಬರು ನಕ್ಕರು. "ದೆಹಲಿಯೋರು ಇಳಿಸೋದೂ ಹೈಕೋರ್ಟು, ಸುಪ್ರೀಂ ಕೋರ್ಟಿನ ಜಡ್ಜಿಗಳನ್ನ. ಮುನ್ಸೀಫರಿಗೆ ಅದು ಅನ್ವಯಿಸೋದಿಲ್ಲ."

ನಾನು ಓದಿದ ಪುಸ್ತಕದಲ್ಲಿ ಆ ಸಾಲು ಎಲ್ಲಿತ್ತೋ, ನೆನಪಾಗಲಿಲ್ಲ. ಮೈದುನ ಮಾತ್ರ ಬಿಡಲಿಲ್ಲ: "ಹಾಗಾದ್ರೆ ಮೊದ್ಲು ಅವರಿಗೆ ಬಡ್ತಿ ಕೊಡ್ಸಿ ಹೈಕೋರ್ಟಿಗೆ ಕಳಿಸಿ ಸ್ವಾಮಿ. ಆಮೇಲೆ ಇಳಿಸೋಣ."

೩. ಅರ್ಜಿ ತಿರುಗಿ ಬಂತು

ನಮ್ಮನ್ನು ಸಾಗಹಾಕಲು ಶಾಸಕರು ಅರ್ಜಿಯ ಮೂಲೆಯಲ್ಲಿ "ಸೂಕ್ತ ಕ್ರಮಕ್ಕೆ" ಎಂದು ಗೀಚಿ ಮೇಲಕ್ಕೆ ಕಳಿಸಿದ್ದರು. ಅದು ಮೇಲೆಲ್ಲ ಸುತ್ತಿ, ಸಮಜಾಯಿಷಿ ಕೇಳಿಕೊಂಡು, ಮುನ್ಸೀಫರ ಮೇಜಿಗೇ ಬಂದಿಳಿಯಿತು. ಕೋರ್ಟಿನಲ್ಲಿ ಅವರು ಅದನ್ನು ಎತ್ತಿ ಹಿಡಿದರು.

"ಅಕ್ಷರ ಮುತ್ತಿನ ಹಾಗಿದೆ. ಯಾರದ್ದು?"

"ನನ್ನದು," ಎಂದೆ. ಹೆಮ್ಮೆಯಾಗಿದ್ದು ನಿಜ.

"ಆ ಎಳನೀರು ನನಗೆ ಕೊಟ್ಟೋರು ಯಾರು ಗೊತ್ತೇನಮ್ಮ?"

ಹಿಂದಿನ ಬೆಂಚಿನಿಂದ ಅತ್ತೆ ಎದ್ದರು. "ನಾನೇ ಸ್ವಾಮಿ. ಬಿಸಿಲಲ್ಲಿ ನಿಂತಿದ್ರಿ. ನಮ್ಮ ಮರದ್ದು, ಗೋಡೆ ಮೇಲಿಂದ ಕೊಟ್ಟೆ."

ಮೈದುನನ ಮುಖ ಇಳಿದುಹೋಯಿತು. "ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ನೀವು ದೆಹಲಿ ವಿಷ್ಯ ಮಾತಾಡ್ತಿದ್ರಿ. ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ?"

ಆಗ ಪಕ್ಕದ ಮನೆಯವರ ವಕೀಲರು ಎದ್ದು ನಿಂತರು. "ಎಳನೀರು ಆ ಕಡೇದಾದ್ರೆ, ಸ್ವಾಮಿ, ನಮ್ಮದೂ ಒಂದು ಅರ್ಜಿ ಇದೆ."

ಎರಡೂ ಕಡೆಯವರಿಗೆ ನಂಬಿಕೆ ಇಲ್ಲದ ಮೇಲೆ ಕೇಸು ಬೇರೆ ಕೋರ್ಟಿಗೆ ಹೋಗಲಿ ಎಂದು ಮುನ್ಸೀಫರು ಮೇಲಕ್ಕೆ ಬರೆದರು. ಸಾಕ್ಷಿ ಎಲ್ಲ ಮೊದಲಿನಿಂದ ಶುರುವಾಯಿತು. ಅವರು ಬರೆದಿಟ್ಟಿದ್ದ ತೀರ್ಪು ನಮ್ಮ ಕಡೆಗೇ ಇತ್ತೆಂದು ಗುಮಾಸ್ತರು ಆಮೇಲೆ ಹೇಳಿದರು.

ಬಾವಿಯ ದಾರಿ ಕೊನೆಗೂ ಸಿಕ್ಕಿತು. ಅದಕ್ಕೆ ತಗುಲಿದ್ದು: ಎಳನೀರು ಒಂದು, ವರ್ಷ ನಾಲ್ಕು, ಬೀದಿ ನಲ್ಲಿಯಿಂದ ದಿನಕ್ಕೆ ಹನ್ನೆರಡು ಕೊಡ ನೀರು, ಬಿ.ಎ. ಮಾಡಿದವಳ ಸೊಂಟದ ಮೇಲೆ.