ಹೊಸಪೇಟೆಯಿಂದ ಪಲ್ಸರ್ ಹುಡುಕಿದ್ದು

ತಾನು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಲಾಗದವರ ಬದುಕಿನಲ್ಲಿ ನಗುವಿಗೆ ಬರಗಾಲ ಬರುವುದಿಲ್ಲ. ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಬಿಡುವಾದಾಗ ಪಲ್ಸರ್ ಹುಡುಕುತ್ತೇನೆ. ದೊಡ್ಡ ನಕ್ಷತ್ರವೊಂದು ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳಿಗೆ ಪಲ್ಸರ್ ಅನ್ನುತ್ತಾರೆ. ಅದು ಗರಗರ ತಿರುಗುತ್ತಾ, ಸುತ್ತಿಗೊಂದರಂತೆ ನಮ್ಮ ಕಡೆ ರೇಡಿಯೋ ಮಿಡಿತ ಕಳಿಸುತ್ತದೆ. ದೂರದ ಊರಿನಲ್ಲಿರುವ ರೇಡಿಯೋ ದೂರದರ್ಶಕವೊಂದು ಆಕಾಶವನ್ನು ತುಂಡುತುಂಡಾಗಿ ಜಾಲಾಡುತ್ತದೆ. ಅನುಮಾನ ಬಂದದ್ದನ್ನೆಲ್ಲ ಕಂಪ್ಯೂಟರ್ ಚಿತ್ರ ಮಾಡಿಡುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಭೂಮಿಯದೇ ಗದ್ದಲ: ಮೊಬೈಲು, ವಿಮಾನ, ಮೋಟಾರು. ನಿಜವಾದದ್ದನ್ನು ಆರಿಸಲು ಮನುಷ್ಯರ ಕಣ್ಣೇ ಬೇಕು. ಅದಕ್ಕೆ ನಮ್ಮಂಥ ಮೇಷ್ಟ್ರುಗಳಿಗೂ ಒಂದಿಷ್ಟು ಚಿತ್ರ ಹಂಚಿದ್ದಾರೆ.

ಜಾಗ ಖಾಲಿ ಮಾಡಿದ್ದು

ಕೆಲಸ ಶುರುವಾದ ಹೊಸತು. ಅಂಗಳದಲ್ಲಿ ನಿಂತು ಗೆಳತಿಗೆ ಫೋನಿನಲ್ಲಿ, "ಹೊಸಾ ಪಲ್ಸರ್ ಸಿಕ್ಕಂಗ ಐತಿ, ಇನ್ನೂ ಕನ್ಫರ್ಮ್ ಆಗಿಲ್ಲ" ಅಂದೆ. ಮೇಲಿನ ಮನೆಯ ಮಾಲೀಕರು ಬಟ್ಟೆ ಒಣಹಾಕುತ್ತಿದ್ದರು. ಕೇಳಿಸಿಕೊಂಡಿದ್ದಾರೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಗೇಟಿನ ಪಕ್ಕದಲ್ಲಿದ್ದ ಅವರ ಸ್ಕೂಟರ್, ಮುರಿದ ಮಂಚ, ಎರಡು ಡ್ರಮ್ಮು ಎಲ್ಲ ಹಿತ್ತಲಿಗೆ ಹೋಗಿವೆ. ಮಾಲೀಕರು ಸೊಂಟ ಹಿಡಿದುಕೊಂಡು ನಿಂತಿದ್ದರು.

"ಮೇಡಮ್ಮಾರ, ಜಾಗ ಮಾಡೀನಿ. ನೆಳ್ಳಾಗ ನಿಲ್ಲಸ್ರಿ. ಬಿಸಿಲಿಗೆ ಬಣ್ಣ ಹೋಗತೈತಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅದು ಬೈಕ್ ಅಲ್ರೀ ಅಪ್ಪಾರ, ನಕ್ಷತ್ರ. ಭಾಳ ದೂರದಾಗ ಐತಿ."

ಅವರು ಪಾಪ, ಆ ಡ್ರಮ್ಮುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಸಮಾಧಾನದಿಂದ ಕೇಳಿದರು. "ಇರ್ಲಿ ಬಿಡ್ರಿ. ಡೆಲಿವರಿ ಯಾವಾಗ?"

ನನ್ನ ಮೊದಲ ಶೋಧ

ಆ ಸಿಕ್ಕಂತಿದ್ದ ಪಲ್ಸರ್ ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತಿತ್ತು. ಅಷ್ಟು ಜೋರಾದ, ಅಷ್ಟು ಅಚ್ಚುಕಟ್ಟಾದ ಮಿಡಿತ ನಾನು ಕಂಡಿರಲಿಲ್ಲ. ತಡೆಯಲಾಗದೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡೆ ಹಂಚಿ, ಆಮೇಲೆ ನಮಗೆ ಮಾರ್ಗದರ್ಶನ ಮಾಡುವ ಹಿರಿಯ ವಿಜ್ಞಾನಿಗೆ ಫೋನ್ ಮಾಡಿದೆ. ಅವರು ಮೈಸೂರು ಕಡೆಯವರು. ಮೆಲ್ಲಗೆ ಮಾತಾಡುತ್ತಾರೆ.

"ಮೇಡಂ, ನಮ್ಮ ದೇಶದಲ್ಲಿ ಸೆಕೆಂಡಿಗೆ ಸರಿಯಾಗಿ ಐವತ್ತು ಸಲ ಮಿಡಿಯೋದು ಯಾವುದು? ನೀವೇ ಪಾಠ ಮಾಡ್ತೀರಲ್ಲ."

ಕರೆಂಟು. ಗೋಡೆಯ ಪ್ಲಗ್ಗಿನಲ್ಲಿ ಬರುವ ಕರೆಂಟು. ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಅದನ್ನೇ ಬರೆಯುತ್ತಿದ್ದೇನೆ.

ಮುಖ ಸಣ್ಣದು ಮಾಡಿಕೊಂಡು ಪ್ರಿನ್ಸಿಪಾಲರ ಮುಂದೆ ನಿಂತು, ನಾನು ಕಂಡುಹಿಡಿದದ್ದು ಬರೀ ಕರೆಂಟು ಅಂತ ಒಪ್ಪಿಕೊಂಡೆ. ಅವರು ಇನ್ನೊಂದು ಪೇಡೆ ಬಾಯಿಗೆ ಹಾಕಿಕೊಂಡರು.

"ಬ್ಯಾಸರ ಮಾಡ್ಕಬ್ಯಾಡ್ರಿ. ಮಧ್ಯಾಹ್ನ ಮೂರು ಗಂಟಿಗೆ ನಮ್ಮ ಕಾಲೇಜಿನಾಗ ಕರೆಂಟ್ ಕಂಡುಹಿಡಿಯೋದು ಸಣ್ಣ ಮಾತಲ್ಲ."

ಗಿರಣಿಯ ಪರೀಕ್ಷೆ

ನನ್ನ ತವರು ಕಂಪ್ಲಿ. ಅಪ್ಪನದು ಅಕ್ಕಿ ಗಿರಣಿ. ಅಪ್ಪ ಮನೆಯಲ್ಲಿ ಊಟಕ್ಕೆ ಕೂತಲ್ಲಿಂದಲೇ ಗಿರಣಿಯ ಸದ್ದು ಕೇಳಿ, "ಎರಡನೇ ಬೆಲ್ಟ್ ಸಡ್ಲ ಆಗೇತಿ" ಅನ್ನುವವರು. ಮಗಳು ಏನು ಮಾಡುತ್ತಾಳೆಂಬುದು ಅವರಿಗೆ ಎಂದೂ ಸರಿಯಾಗಿ ತಿಳಿದಿರಲಿಲ್ಲ. ಈ ಸಲ ಹೋದಾಗ ತಿಳಿಸಿಯೇ ಬರಬೇಕೆಂದು, ಹಳೆಯದೊಂದು ಪಲ್ಸರಿನ ಮಿಡಿತವನ್ನು ಸದ್ದು ಮಾಡಿ ಫೋನಿನಲ್ಲಿ ಕೇಳಿಸಿದೆ. ಟಕ್, ಟಕ್, ಟಕ್.

ಅಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಒಂದ ಸಮ ತಿರಗತೈತಿ. ಎಷ್ಟು ವರ್ಷದ್ದು?"

"ಹತ್ತಾರು ಲಕ್ಷ ವರ್ಷದ್ದಪ್ಪಾ."

"ಬೇರಿಂಗ್?"

"ಇಲ್ಲ."

"ಗ್ರೀಸ್ ಹಾಕೋರು?"

"ಯಾರೂ ಇಲ್ಲ."

ಅಪ್ಪನ ಮುಖದಲ್ಲಿ ನನ್ನ ಕೆಲಸದ ಬಗ್ಗೆ ಮೊದಲ ಸಲ ಗೌರವ ಕಂಡಿತು. ನನಗೆ ಕಣ್ಣು ತುಂಬಿ ಬಂತು. ಅವರು ನನ್ನ ಫೋನು ತೆಗೆದುಕೊಂಡು ನೆಟ್ಟಗೆ ಗಿರಣಿಗೆ ನಡೆದು, ಇಪ್ಪತ್ತು ವರ್ಷದಿಂದ ಇರುವ ಮೆಕ್ಯಾನಿಕ್ಕನ ಕಿವಿಗೆ ಹಿಡಿದರು. "ಕೇಳಿಲ್ಲಿ. ಲಕ್ಷ ಲಕ್ಷ ವರ್ಷ ಆದ್ರೂ ಒಂದು ದಿನ ರಿಪೇರಿಗೆ ಬಂದಿಲ್ಲಂತ. ನೀನೂ ಇದ್ದಿ."

ಮೆಕ್ಯಾನಿಕ್ ಕೈ ಒರೆಸಿಕೊಂಡು ಪೂರ್ತಿ ಕೇಳಿದ. "ಖಾಲಿ ತಿರಗಾಕತ್ತೈತಿ ಸಾವಕಾರ್ರೆ. ಭತ್ತ ಹಾಕಿ ನೋಡ್ರಿ, ಆಮ್ಯಾಲ ಮಾತಾಡೋಣು."

ಚೋರನೂರಿನ ಹುಡುಗಿ

ಸಂಡೂರು ತಾಲೂಕಿನ ಚೋರನೂರು ಕಡೆಯ ಶಾಲೆಯೊಂದಕ್ಕೆ ಭಾಷಣಕ್ಕೆ ಕರೆದಿದ್ದರು. ನಕ್ಷತ್ರ ಹೇಗೆ ಸಾಯುತ್ತದೆ, ಸತ್ತ ಮೇಲೆ ಹೇಗೆ ಮಿಡಿಯುತ್ತದೆ ಅಂತ ಮುಕ್ಕಾಲು ತಾಸು ಹೇಳಿದೆ. ಪ್ರಶ್ನೆ ಇದ್ದರೆ ಕೇಳಿ ಅಂದೆ. ಎರಡನೇ ಸಾಲಿನ ಹುಡುಗಿ ಎದ್ದಳು.

"ಮಿಸ್, ಸತ್ತೈತಿ ಅಂದ್ರಿ. ಮತ್ತ ನಾಡಿ ಹೆಂಗ ಹೊಡಿತತಿ?"

ಅದು ನಿಜವಾದ ನಾಡಿ ಅಲ್ಲ, ತಿರುಗುವುದರಿಂದ ಹಾಗೆ ಕಾಣುತ್ತದೆ ಅಂತ ವಿವರಿಸಿದೆ.

"ತಿರಗಾಕತ್ತೈತಿ, ಇಲ್ಲಿ ತನಕ ಸುದ್ದಿ ಕಳಸಾಕತ್ತೈತಿ. ಹಂಗಾರ ಸತ್ತೈತಿ ಅಂತ ಹೇಳಿದವರು ಯಾರ್ರಿ?"

ನಾನು ನೀರು ಕುಡಿದೆ. ಹೆಡ್‌ಮಾಸ್ತರರು ತಕ್ಷಣ ಎದ್ದು ನಿಂತು, "ಮೇಡಮ್ಮಾರಿಗೆ ಬಸ್ಸಿಗೆ ಹೊತ್ತಾಗೇತಿ, ಎಲ್ಲಾರೂ ಚಪ್ಪಾಳಿ ಹೊಡೀರಿ" ಅಂದರು. ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಅತ್ತೆಯ ಕಣ್ಣು

ನಮ್ಮ ಅತ್ತೆ ಬುಕ್ಕಸಾಗರದವರು. ನಾಲ್ಕನೇ ತರಗತಿ ತನಕ ಓದಿದ್ದಾರೆ. ಮಾವ ಹೋದ ಮೇಲೆ ನಮ್ಮ ಜೊತೆ ಇರಲು ಬಂದರು. ಮಾತು ಕಡಿಮೆ ಮಾಡಿದ್ದರು, ಮಧ್ಯಾಹ್ನ ನಿದ್ದೆಯೂ ಬರುತ್ತಿರಲಿಲ್ಲ. ರಜೆಯ ದಿನ ನಾನು ಲ್ಯಾಪ್‌ಟಾಪ್ ಮುಂದೆ ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿದ್ದರು.

"ಏನು ನೋಡ್ತಿ ಅದರಾಗ?"

"ಗೆರಿ ನೋಡ್ತೀನ್ರಿ ಅತ್ತಿ. ಮ್ಯಾಲಿಂದ ಕೆಳಗಿನ ತನಕ ನೆಟ್ಟಗ ಇದ್ರ ಒಳ್ಳೇದು. ನಡುವ ಹರದಿದ್ರ, ಸೊಟ್ಟ ಇದ್ರ ಬ್ಯಾಡ."

ಎರಡೇ ವಾರದಲ್ಲಿ ಅವರು ಅಕ್ಕಿ ಆರಿಸಿದಂತೆ ಚಿತ್ರ ಆರಿಸತೊಡಗಿದರು. ನಾನು ಒಂದೊಂದೇ ಮುಂದಕ್ಕೆ ತಳ್ಳಿದರೆ, "ಬ್ಯಾಡ. ಬ್ಯಾಡ. ಇದೂ ಬ್ಯಾಡ" ಅನ್ನುತ್ತಿದ್ದರು. ಒಂದು ದಿನ ಮಸುಕು ಮಸುಕಾದ ಚಿತ್ರವೊಂದನ್ನು ನಾನೇ ಬೇಡ ಅಂತ ತಳ್ಳಿದೆ.

"ಅದನ್ಯಾಕ ಬಿಟ್ಟಿ? ಹಿಂದಕ್ಕ ತೆಗಿ."

"ಏನೂ ಇಲ್ರಿ ಅದರಾಗ."

"ಐತಿ. ಸಣ್ಣಗೈತಿ, ಆದ್ರ ಎಲ್ಲೂ ಹರದಿಲ್ಲ."

ಅತ್ತೆ ಇಷ್ಟು ಗಟ್ಟಿಯಾಗಿ ಮಾತಾಡಿ ತಿಂಗಳುಗಳೇ ಆಗಿದ್ದವು. ಅದಕ್ಕಾದರೂ ಇರಲಿ ಅಂತ ಹಿರಿಯ ವಿಜ್ಞಾನಿಗೆ ಕಳಿಸಿಕೊಟ್ಟೆ. ಈಗಾಗಲೇ ಗೊತ್ತಿರುವ ಪಲ್ಸರುಗಳ ಪಟ್ಟಿಯಲ್ಲಿ ಅಂಥದ್ದು ಇಲ್ಲ, ಇನ್ನೊಮ್ಮೆ ಅದೇ ಜಾಗ ನೋಡಬೇಕು ಅಂತ ಉತ್ತರ ಬಂತು. ದೂರದರ್ಶಕದ ಸರದಿ ಸಿಗಲು ಎರಡು ತಿಂಗಳು ಹಿಡಿಯಿತು. ದಿನಾ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳುವರು: "ನಮ್ಮದರ ಸುದ್ದಿ ಬಂತೇನು?" ಬಾರದೇ ಹೋದರೆ ಇವರಿಗೆ ಹೇಗೆ ಹೇಳುವುದು ಅಂತ ನನಗೆ ಒಳಗೊಳಗೇ ಹೆದರಿಕೆ.

ಬಂತು. ಪಲ್ಸರೇ, ಹೊಸದೇ. ಹಿರಿಯ ವಿಜ್ಞಾನಿ ತಾವಾಗಿ ವಿಡಿಯೋ ಕರೆ ಮಾಡಿ, ಅದನ್ನು ಗುರುತಿಸಿದವರ ಜೊತೆ ಮಾತಾಡಬೇಕು ಅಂದರು. ಅತ್ತೆ ಮುಖ ತೊಳೆದು, ಇಳಕಲ್ ಸೀರೆ ಉಟ್ಟು ಬಂದು ಕುಳಿತರು.

"ಅಮ್ಮಾ, ನಿಮ್ಮಿಂದ ದೊಡ್ಡ ಕೆಲಸ ಆಯ್ತು. ಕಂಪ್ಯೂಟರ್ ಇದನ್ನು ಪಟ್ಟಿಯ ತೀರಾ ಕೆಳಗೆ ಹಾಕಿತ್ತು" ಅಂದರು ಅವರು.

"ಅದಕ್ಕ ವಯಸ್ಸು ಸಣ್ಣದು, ಕಲಿತತಿ ಬಿಡ್ರಿ" ಅಂದರು ಅತ್ತೆ. "ಹೆಸರೇನಿಟ್ರಿ?"

ಆಕಾಶದಲ್ಲಿ ಅದು ಇರುವ ಜಾಗವೇ ಅದರ ಹೆಸರು ಅಂತ ಅವರು ಒಂದು ಅಕ್ಷರ, ಎಂಟು ಅಂಕಿ ಓದಿದರು.

"ದವಾಖಾನ್ಯಾಗ ನಂಬರ್ ಚೀಟಿ ಕೊಟ್ಟಂಗ ಆತಲ್ರಿ" ಅಂದರು ಅತ್ತೆ. "ಒಂದು ಮಾತು ಕೇಳತೀನಿ, ಸಿಟ್ಟು ಮಾಡ್ಕಬ್ಯಾಡ್ರಿ. ನಾವು ನೋಡೂದಕ್ಕಿಂತ ಮೊದಲೂ ಅದು ಅಲ್ಲೇ ಇತ್ತೇನು?"

"ಖಂಡಿತ ಇತ್ತು ಅಮ್ಮಾ. ಮನುಷ್ಯರು ಹುಟ್ಟೋಕೆ ಮುಂಚೆಯಿಂದ ಅಲ್ಲೇ ಇದೆ."

"ಅಲ್ಲೇ ಇದ್ದದ್ದನ್ನ ಇಷ್ಟು ಮಂದಿ ಸೇರಿ ಹುಡುಕಿದ್ರಿ."

"ಹೌದಮ್ಮಾ."

"ಹಂಗಾರ ಮೊದ್ಲು ಕಳಕೊಂಡಿದ್ದವರು ಯಾರು?"