ಕುದಿಸಿದ ಎಂಜಲು

ಸಮಯ: ಬೆಳಗಿನ ಹನ್ನೊಂದು. ಹವೆ: ಬಿರುಬಿಸಿಲು, ಗಾಳಿ ಇಲ್ಲ. ಹಾಜರಿದ್ದವರು: ಜೀವಶಾಸ್ತ್ರದ ಉಪನ್ಯಾಸಕನಾದ ನಾನು, ಮಾನ್ವಿಯ ಕಾಲೇಜಿನ ಅಟೆಂಡರ್, ನಲವತ್ತು ವಿದ್ಯಾರ್ಥಿಗಳು, ಒಂದು ಕೋಳಿಮೊಟ್ಟೆ. ಶಿಸ್ತನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದವನ ತರಗತಿಯಲ್ಲೇ ಇಂಥ ಪ್ರಸಂಗಗಳು ಏಕೆ ಮೇಲಿಂದ ಮೇಲೆ ನಡೆದವೆಂಬುದು, ನಿವೃತ್ತನಾಗಿ ರಾಯಚೂರಿನಲ್ಲಿ ಕುಳಿತ ಮೇಲೆ ಅರ್ಥವಾಗುತ್ತಿದೆ.

೧. ಮೊಟ್ಟೆ

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಅದು ತನ್ನದೇ ಕ್ರಮದಲ್ಲಿ ಮಡಚಿಕೊಂಡು ಒಂದು ಆಕಾರ ಪಡೆಯುತ್ತದೆ. ಆಕಾರ ಕೆಟ್ಟರೆ ಕೆಲಸ ಕೆಟ್ಟಿತು. ಇಷ್ಟನ್ನು ಬರೆಸಿ ಮೊಟ್ಟೆಯನ್ನು ಕುದಿಸಿ, ಸುಲಿದು ತೋರಿಸಿದೆ. "ತಣ್ಣೀರಿನಲ್ಲಿಡಿ. ಮೊದಲಿನಂತಾಗುವುದೋ ಇಲ್ಲವೋ, ಅರ್ಧ ಗಂಟೆ ಮೌನವಾಗಿ ವೀಕ್ಷಿಸಿ" ಎಂದೆ. ಮೌನಪಾಲನೆಯಾಯಿತು. ಅವಧಿ ಮುಗಿದಾಗ ಅಟೆಂಡರ್ ಕೆಮ್ಮಿದ:

"ಸರ್, ಇದು ತಿರುಗಿ ಹಸೀ ಆಗೂ ಪೈಕಿ ಅಲ್ರೀ. ಉಪ್ಪು ತರ್ಲೇನ್ರೀ?"

ನಕ್ಕವರನ್ನೆಲ್ಲ ಎದ್ದು ನಿಲ್ಲಿಸಿದೆ. ಕುಳಿತವನು ನಾನೊಬ್ಬನೇ.

೨. ಬೀಗ

ಕಿಣ್ವವೂ ಪ್ರೋಟೀನೇ. ಅದು ಬೀಗವಿದ್ದಂತೆ, ತನಗೆ ಹೊಂದುವ ಕೀಲಿಕೈಯನ್ನು ಮಾತ್ರ ಒಪ್ಪುತ್ತದೆ. ಇದನ್ನು ಸಾಧಿಸಲು ಪ್ರಯೋಗಾಲಯದ ಬೀಗವನ್ನೇ ಮೇಜಿನ ಮೇಲಿಟ್ಟು, ಎಲ್ಲರೂ ತಮ್ಮ ಕೀಲಿಕೈ ಹಾಕಿ ನೋಡಬೇಕೆಂದು ಆಜ್ಞಾಪಿಸಿದೆ. ಹದಿನೆಂಟು ಸೋತವು. ಹತ್ತೊಂಬತ್ತನೆಯದು ಮಲ್ಲಟದ ಹುಡುಗನ ಸೈಕಲ್ಲಿನದು. ಬೀಗ ತೆರೆಯಿತು.

"ಲೇ, ಇವತ್ತಿನಿಂದ ಲ್ಯಾಬ್ ನಮ್ದ!" ಎಂದಿತು ಹಿಂದಿನ ಬೆಂಚು.

ನಾನು ಉದಾಹರಣೆಯನ್ನು ಬದಲಿಸಲಿಲ್ಲ. ಬೀಗವನ್ನು ಬದಲಿಸಿದೆ.

೩. ನಿಯಮ

ಮುಂದೆ ದೇವದುರ್ಗಕ್ಕೆ ವರ್ಗವಾಯಿತು. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಪಿಷ್ಟ ಉಳಿದಿದ್ದರೆ ಅಯೋಡಿನ್ ಹನಿ ನೀಲಿಗಟ್ಟುತ್ತದೆ. ಪ್ರಯೋಗ ಸರಳ. ಆದರೆ ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗುವುದು ನನಗೆ ಸಹ್ಯವಲ್ಲ. ಆದ್ದರಿಂದ, ಎಂಜಲಿನ ನಳಿಕೆಯನ್ನು ಐದು ನಿಮಿಷ ಕುದಿಯುವ ನೀರಿನಲ್ಲಿ ನಿಲ್ಲಿಸಿದ ನಂತರವೇ ಪಿಷ್ಟ ಬೆರೆಸಬೇಕೆಂದು ನಿಯಮ ಮಾಡಿದ್ದೆ.

ಎಲ್ಲರದೂ ನೀಲಿಯಾಯಿತು. "ಎಂಜಲಿನ ಬದಲು ನೀರು ತುಂಬಿದ್ದೀರಿ. ಮತ್ತೊಮ್ಮೆ ಉಗುಳಿ!" ಎಂದು ಗದರಿದೆ.

"ಸರ್, ಬಾಯಿ ಒಣಗೇದ್ರೀ. ಹುಣಸಿಹಣ್ಣು ನೆನಪು ಮಾಡಿ ಮಾಡಿ ಇಷ್ಟ ಬಂದದ" ಎಂದನೊಬ್ಬ.

ಮಸರಕಲ್ಲಿನ ವಿದ್ಯಾರ್ಥಿನಿಯೊಬ್ಬಳು ಎದ್ದಳು. "ಸರ್, ಕಿಣ್ವನೂ ಪ್ರೋಟೀನ್ ಅಂದ್ರಿ. ಕುದಿಸಿದ್ರ ಅದು ಹೆಂಗ ಉಳೀತದ್ರೀ?"

ಸರಿಯಾದ ಪ್ರಶ್ನೆ. ನಾನು ಅವಳನ್ನು ಹೊರಗೆ ಕಳುಹಿಸಿದೆ. ಅವಳ ಪ್ರಯೋಗ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಸಹಿಯಿಲ್ಲದವರಿಗೆ ಪ್ರಾಯೋಗಿಕ ಪರೀಕ್ಷೆಯಿಲ್ಲ. ಅಂದಿನಿಂದ ಆ ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಶಿಸ್ತು ಎಂದು ತಿಳಿದೆ.

೪. ಪರೀಕ್ಷೆ

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕಿ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಸಾಲಾಗಿ ನೀಲಿ ಹನಿಗಳನ್ನು ನೋಡಿದರು. ನಳಿಕೆಯೊಂದನ್ನು ಮುಟ್ಟಿ ಕೈ ಕೊಡವಿದರು.

"ಇದೇನ್ರೀ ಸರ್, ಉಗುಳಿನ ಚಹಾ ಮಾಡೀರಿ?"

ಸಹಿಯಿಲ್ಲದ ಪುಸ್ತಕವನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತಿದ್ದವಳನ್ನು ಕಂಡು, "ನೀ ಯಾಕ ಹೊರಗ ನಿಂತೀ?" ಎಂದರು.

"ಕುದಿಸಬ್ಯಾಡ್ರೀ ಅಂದಿದ್ದೆ, ಮೇಡಂ."

ಪರೀಕ್ಷಕಿ ಅವಳನ್ನು ಒಳಗೆ ಕರೆದರು. ಅವಳು ಹೊಸ ನಳಿಕೆಯಲ್ಲಿ ಎಂಜಲಿಗೆ ಪಿಷ್ಟ ಬೆರೆಸಿ, ಕುದಿಸದೆ ಅಂಗೈಯಲ್ಲಿ ಹಿಡಿದು ಕಾದಳು. ಹನಿಯನ್ನು ಬಿಳಿಯ ಪಿಂಗಾಣಿ ಹಂಚಿನ ಮೇಲಿಟ್ಟು ಅಯೋಡಿನ್ ಬೆರೆಸಿದಳು. ನೀಲಿ ಬರಲಿಲ್ಲ. ನಾನು ಅಲ್ಲಿಯೇ ಸಹಿ ಹಾಕಿದೆ. "ತಪ್ಪು ನನ್ನದು" ಎಂಬ ಎರಡು ಪದಗಳು ಮಾತ್ರ ಬಾಯಿಗೆ ಬರಲಿಲ್ಲ. ಇಂದಿಗೂ ಆ ವಿದ್ಯಾರ್ಥಿನಿಗೆ ಹೇಳಿಲ್ಲ.

ಪರೀಕ್ಷಕಿ ಪೆನ್ನಿನ ಮುಚ್ಚಳ ಹಾಕಿ, ಇಡೀ ಕೋಣೆಗೆ ಕೇಳುವಂತೆ ತೀರ್ಪು ಕೊಟ್ಟರು:

"ಹುಡುಗಿ ಪಾಸು. ಕಿಣ್ವದ್ದೇನೂ ತಪ್ಪಿಲ್ಲ. ಸರ್, ನೀವಷ್ಟ ಮುಂದಿನ ವರ್ಷ ಪರೀಕ್ಷೆಗೆ ಮತ್ತ ಕೂಡ್ರಿ."